ಅನಿಮೆ (ಜಪಾನಿ ಕಾರ್ಟೂನ್), ಮಂಗಾದಲ್ಲಿ (ಜಪಾನಿ ಕಾಮಿಕ್ಸ್) ನೀತಿ, ರಾಜಕೀಯ, ತತ್ವ ಎಲ್ಲ ನಿಜವಾಗಿಯೂ ಇದೆಯಾ, ಅಥವಾ ಅಭಿಮಾನಿಗಳು ಊದಿ ಹೇಳೋದಾ?

ಪ್ರಶ್ನೆಯ ಕೆಳಗೆ ನೀವು ಇನ್ನೊಂದು ಸಾಲು ಬರೆದಿದ್ದೀರಿ: "ನನ್ನ ತಮ್ಮ ದಿನವಿಡೀ ಇದನ್ನೇ ನೋಡ್ತಾನೆ, ಬೈದರೆ ಇದು ಫಿಲಾಸಫಿ ಅಂತಾನೆ." ತಮ್ಮನ ಮಾತನ್ನು ಪೂರ್ತಿ ನಂಬಬೇಡಿ. ಪೂರ್ತಿ ತಳ್ಳಿಯೂ ಹಾಕಬೇಡಿ. ಬಹುಪಾಲು ಹೊಡೆದಾಟವೇ, ಅದರಲ್ಲಿ ಅನುಮಾನ ಬೇಡ. ಆದರೆ ಕೆಲವು ಕಥೆಗಳು ನನ್ನ ಕೆಲಸದ ಮಧ್ಯೆ ನೆನಪಾಗಿ ಕೈ ನಿಲ್ಲಿಸಿವೆ.

ನಾನು ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಹನ್ನೊಂದು ವರ್ಷವಾಯಿತು. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಹೆಚ್ಚುಕಡಿಮೆ ಡಾಕ್ಟರ್ ಕಥೆಗಳೇ. ಸಹಿಸಿಕೊಳ್ಳಿ.

ಜಪಾನಿನ ಒಸಾಮು ತೆಜುಕಾ ವೈದ್ಯಕೀಯ ಓದಿದವರು. ಲೈಸೆನ್ಸೂ ಇತ್ತು. ಆದರೂ ಮಂಗಾ ಬರೆಯುವುದನ್ನೇ ಕಸುಬು ಮಾಡಿಕೊಂಡರು. 1973ರಲ್ಲಿ ಅವರು ಶುರು ಮಾಡಿದ 'ಬ್ಲ್ಯಾಕ್ ಜ್ಯಾಕ್' ಮಂಗಾದ ನಾಯಕ ಇದಕ್ಕೆ ತದ್ವಿರುದ್ಧ: ಕೈಯಲ್ಲಿ ಅದ್ಭುತ ಕೆಲಸ ಇದೆ, ಲೈಸೆನ್ಸ್ ಇಲ್ಲ. ಬಾಯಿಗೆ ಬಂದಷ್ಟು ಫೀಸು ಕೇಳುತ್ತಾನೆ.

ಅದರಲ್ಲೊಂದು ಚಿಕ್ಕ ಕಥೆ. ಬ್ಲ್ಯಾಕ್ ಜ್ಯಾಕ್ ಹುಡುಗನಾಗಿದ್ದಾಗ ಅವನ ಜೀವ ಉಳಿಸಿದ ಗುರು ಹೊನ್ಮಾ. ಆ ಆಪರೇಷನ್ನಿನಲ್ಲಿ ಗುರು ಒಂದು ಚಾಕುವನ್ನು ಹುಡುಗನ ಹೊಟ್ಟೆಯೊಳಗೇ ಬಿಟ್ಟಿರುತ್ತಾರೆ. ಮರ್ಯಾದೆಗೆ ಹೆದರಿ ಯಾರಿಗೂ ಹೇಳುವುದಿಲ್ಲ. ಏಳು ವರ್ಷದ ಮೇಲೆ ಏನೋ ನೆಪ ಹೇಳಿ ಮತ್ತೆ ಕೊಯ್ದು ನೋಡುತ್ತಾರೆ. ಆ ಚಾಕುವಿನ ಸುತ್ತ ಮೈಯೇ ಸುಣ್ಣದಂಥ ಕವಚ ಕಟ್ಟಿ, ಹುಡುಗನಿಗೆ ಗಾಯವಾಗದಂತೆ ಕಾಪಾಡಿರುತ್ತದೆ, ಚಿಪ್ಪಿನೊಳಗೆ ಮುತ್ತು ಬೆಳೆದ ಹಾಗೆ. ಸಾಯುವ ಹೊತ್ತಿಗೆ ಗುರು ಇದನ್ನು ಒಪ್ಪಿಕೊಳ್ಳುತ್ತಾರೆ. ಶಿಷ್ಯ ಅವರನ್ನು ಉಳಿಸಲು ಆಪರೇಷನ್ ಮಾಡುತ್ತಾನೆ. ಆಗುವುದಿಲ್ಲ. ಸಾವು ಬದುಕನ್ನು ನಮ್ಮ ಕೈಲಿ ಹಿಡಿಯುತ್ತೇವೆ ಅನ್ನುವುದು ಅಹಂಕಾರ ಅಲ್ಲವೇ ಅಂತ ಸತ್ತ ಗುರು ಕೇಳಿದ ಹಾಗೆ ಅವನಿಗೆ ಕಾಣುತ್ತದೆ.

ಹೊಲಿಗೆ ಹಾಕುವ ಮುಂಚೆ ಗಾಜ್, ಮಾಪ್ (ರಕ್ತ ಒರೆಸುವ ಬಟ್ಟೆಗಳು), ಸೂಜಿ, ಬ್ಲೇಡ್ ಎಲ್ಲ ಎಣಿಸಿ "ಕೌಂಟ್ ಸರಿಯಿದೆ ಸರ್" ಅನ್ನುವುದು ನನ್ನ ಕೆಲಸ. ಒಂದು ಸಲ ಒಂದು ಗಾಜ್ ಕಮ್ಮಿ ಬಂತು. ಡಾಕ್ಟರಿಗೆ ಆತುರ, ನನಗೆ ಬೆವರು. ಕೊನೆಗೆ ಕಸದ ಬಕೆಟ್ಟಿನಲ್ಲಿ ಸಿಕ್ಕಿತು. ಆ ಹದಿನೈದು ನಿಮಿಷ ಹೊನ್ಮಾ ಡಾಕ್ಟರು ನನ್ನ ಪಕ್ಕದಲ್ಲೇ ನಿಂತಿದ್ದರು ಅಂದರೆ ನೀವು ನಗಬಹುದು. ತಪ್ಪು ಮಾಡಿದವನು ಕೆಟ್ಟವನು ಅಂತ ಆ ಕಥೆ ಹೇಳುವುದಿಲ್ಲ. ಬಾಯಿ ಬಿಡದೆ ಏಳು ವರ್ಷ ಹೇಗೆ ಕಳೆದಿರಬಹುದು ಅಂತ ಯೋಚಿಸಲು ನಮ್ಮನ್ನು ಬಿಡುತ್ತದೆ. ನಾನು ನೀತಿ ಅನ್ನೋದು ಇದಕ್ಕೆ. ಭಾಷಣ ಇಲ್ಲ, ಮಾಡಿದ್ದರ ಬೆಲೆ ಮಾತ್ರ ಇದೆ.

ಅದೇ ಮಂಗಾದಲ್ಲಿ ಕಿರಿಕೊ ಅಂತ ಇನ್ನೊಬ್ಬ ಡಾಕ್ಟರ್ ಬರುತ್ತಾನೆ. ಸೈನ್ಯದಲ್ಲಿದ್ದವನು. ಸಾಯಲು ಬೇಡುವವರಿಗೆ ನೋವಿಲ್ಲದ ಸಾವು ಕೊಡುವುದು ಅವನ ಕೆಲಸ. ಮೇಲೇಳಲಾಗದ ಒಬ್ಬ ತಾಯಿ, ಮಕ್ಕಳಿಗೆ ಭಾರವಾಗಬಾರದು ಅಂತ ಅವನನ್ನು ಕರೆಸುತ್ತಾಳೆ. ಮಕ್ಕಳು ಬ್ಲ್ಯಾಕ್ ಜ್ಯಾಕ್‌ನನ್ನು ಕರೆಸುತ್ತಾರೆ. ಅವನು ಅವಳನ್ನು ಉಳಿಸುತ್ತಾನೆ. ಸ್ವಲ್ಪ ಹೊತ್ತಿಗೆ ತಾಯಿ, ಮಕ್ಕಳು ಎಲ್ಲರೂ ರಸ್ತೆ ಅಪಘಾತದಲ್ಲಿ ಸಾಯುತ್ತಾರೆ. ಕಿರಿಕೊ ನಗುತ್ತಾನೆ. ಆದರೂ ನಾನು ಉಳಿಸುತ್ತಲೇ ಇರುತ್ತೇನೆ, ನಾನು ಬದುಕಬೇಕಲ್ಲ ಅಂತ ಬ್ಲ್ಯಾಕ್ ಜ್ಯಾಕ್ ಕೂಗುತ್ತಾನೆ. ಯಾರು ಸರಿ? ತೆಜುಕಾ ಹೇಳುವುದಿಲ್ಲ.

ಇದನ್ನು ಓದುವಾಗ ನರ್ಸ್‌ಗಳಿಗೆ ಅರುಣಾ ಶಾನಭಾಗ್ ನೆನಪಾಗದೆ ಇರುವುದಿಲ್ಲ. ಉತ್ತರ ಕನ್ನಡದ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರಿನಲ್ಲಿ ಅವರ ಮೇಲೆ ಹಲ್ಲೆಯಾಯಿತು. 2015ರಲ್ಲಿ ತೀರಿಕೊಳ್ಳುವ ತನಕ ಹಾಸಿಗೆಯಲ್ಲೇ ಇದ್ದರು. ಅವರಿಗೆ ದಯಾಮರಣ ಕೊಡಿ ಅಂತ ಲೇಖಕಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದಾಗ, ಬೇಡ ಅಂದವರು ಅವರನ್ನು ವರ್ಷಗಟ್ಟಲೆ ನೋಡಿಕೊಂಡ ನರ್ಸ್‌ಗಳೇ. 2011ರಲ್ಲಿ ಕೋರ್ಟು ಆ ಅರ್ಜಿ ಒಪ್ಪಲಿಲ್ಲ, ಆದರೆ ಅದೇ ತೀರ್ಪಿನಲ್ಲಿ, ಜೀವ ಹಿಡಿದಿಟ್ಟಿರುವ ಚಿಕಿತ್ಸೆಯನ್ನು ಷರತ್ತಿನ ಮೇಲೆ ನಿಲ್ಲಿಸಬಹುದು ಅಂತ ಬೇರೆಯವರಿಗೆ ಬಾಗಿಲು ತೆರೆಯಿತು. ನಾನು ಆ ವಾರ್ಡಿನಲ್ಲಿದ್ದಿದ್ದರೆ ಏನು ಹೇಳುತ್ತಿದ್ದೆ? ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ.

ಇನ್ನು 'ಮಾನ್‌ಸ್ಟರ್'. ನವೋಕಿ ಉರಸಾವಾ ಬರೆದ ಮಂಗಾ, 1994ರಿಂದ 2001ರವರೆಗೆ ಬಂತು. ಜರ್ಮನಿಯ ಡುಸೆಲ್‌ಡಾರ್ಫಿನ ಆಸ್ಪತ್ರೆಯಲ್ಲಿ ತೆನ್ಮಾ ಅಂತ ಜಪಾನಿ ಮಿದುಳು ಸರ್ಜನ್. ಮೊದಲು ಬಂದ ಟರ್ಕಿಯ ಕೂಲಿಕಾರನನ್ನು ಬಿಟ್ಟು, ಮೇಲಿನವರ ಮಾತಿನಂತೆ ಒಬ್ಬ ಪ್ರಸಿದ್ಧ ಗಾಯಕನಿಗೆ ಆಪರೇಷನ್ ಮಾಡುತ್ತಾನೆ. ಕೂಲಿಕಾರ ಸಾಯುತ್ತಾನೆ. ಅವನ ಹೆಂಡತಿ ಬಂದು, ಮೊದಲು ಬಂದವನು ನನ್ನ ಗಂಡ ಅಲ್ಲವೇ ಅಂತ ಅಳುತ್ತಾ ಕೇಳುತ್ತಾಳೆ. ಮುಂದಿನ ಸಲ ತಲೆಗೆ ಗುಂಡು ಬಿದ್ದ ಹುಡುಗ ಮೊದಲು, ಮೇಯರ್ ಆಮೇಲೆ. ಈ ಸಲ ತೆನ್ಮಾ ಮೇಲಿನವರ ಮಾತು ಕೇಳುವುದಿಲ್ಲ. ಹುಡುಗ ಬದುಕುತ್ತಾನೆ, ಮೇಯರ್ ಸಾಯುತ್ತಾನೆ. ಒಂಬತ್ತು ವರ್ಷದ ಮೇಲೆ ಗೊತ್ತಾಗುತ್ತದೆ, ಆ ಹುಡುಗ ಯೋಹಾನ್ ಸಾಲು ಸಾಲು ಕೊಲೆ ಮಾಡುವವನು ಅಂತ.

ಮೊದಲು ಬಂದವರಿಗೆ ಮೊದಲು ಅನ್ನುವ ನಿಯಮ ನಿಜವಾದ ಕ್ಯಾಶುವಾಲ್ಟಿಯಲ್ಲಿ ಇಲ್ಲ. ಯಾರಿಗೆ ಜಾಸ್ತಿ ಅರ್ಜೆಂಟೋ ಅವರು ಮೊದಲು. ಆದರೆ ದೊಡ್ಡವರ ಒಂದು ಫೋನಿಗೆ ಲಿಸ್ಟು ಮೇಲೆ ಕೆಳಗೆ ಆಗುವುದನ್ನು ಕಂಡಿದ್ದೇನೆ. ಎಲ್ಲಿ ಅಂತ ಕೇಳಬೇಡಿ. ಹಾಗಾಗಿ ಮೊದಲ ಕಂತಿನಲ್ಲೇ ನಾನು ತೆನ್ಮಾನ ಕಡೆ ಸೇರಿಬಿಟ್ಟೆ. ಆಮೇಲೆ ಉರಸಾವಾ ನನ್ನನ್ನು ಸುಮ್ನೆ ಬಿಡಲಿಲ್ಲ. ಎಲ್ಲರ ಜೀವವೂ ಒಂದೇ ಅಂದೆಯಲ್ಲ, ಹಾಗಾದರೆ ಇವನದ್ದು? ಅಂತ ಹದಿನೆಂಟು ಸಂಪುಟ ಕೇಳುತ್ತಲೇ ಹೋಗುತ್ತಾರೆ. ಎರಡು ಗಂಟೆಯ ಸಿನಿಮಾದಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲ. ಧಾರಾವಾಹಿಯಾಗಿ ವರ್ಷಗಟ್ಟಲೆ ಬರುವುದರಿಂದ ಒಂದು ತೀರ್ಮಾನದ ಹಿಂದೆ ಎಷ್ಟು ದೂರ ಬೇಕಾದರೂ ನಡೆಯಬಹುದು. ಕೊನೆ ಹೇಳುವುದಿಲ್ಲ. ಮತ್ತೆ ಅದೇ ಆಪರೇಷನ್ ಟೇಬಲ್ ಬರುತ್ತದೆ ಅಂತಷ್ಟೇ ತಿಳಿದಿರಲಿ.

ರಾಜಕೀಯಕ್ಕೆ ಒಂದೇ ದೃಶ್ಯ ಸಾಕು. 'ಲೆಜೆಂಡ್ ಆಫ್ ದ ಗ್ಯಾಲಾಕ್ಟಿಕ್ ಹೀರೋಸ್' ಬಾಹ್ಯಾಕಾಶದಲ್ಲಿ ನಡೆಯುವ ಯುದ್ಧದ ಕಥೆ, 110 ಕಂತಿನ ಹಳೆಯ ಅನಿಮೆ ಸರಣಿ, 1988ರಲ್ಲಿ ಶುರುವಾದದ್ದು. ಒಂದು ಕಡೆ ರೈನ್‌ಹಾರ್ಡ್, ದಕ್ಷ ಸರ್ವಾಧಿಕಾರಿ. ಇನ್ನೊಂದು ಕಡೆ ಕೊಳೆತುಹೋದ ಪ್ರಜಾಪ್ರಭುತ್ವ, ಅದರ ಸೇನಾಪತಿ ಯಾಂಗ್ ವೆನ್‌ಲಿ. ರೈನ್‌ಹಾರ್ಡ್‌ನ ಹಡಗು ಯಾಂಗ್‌ನ ಗುರಿಗೆ ಸಿಕ್ಕಿದೆ. ಅಷ್ಟರಲ್ಲಿ ಸರ್ಕಾರದಿಂದ ಯುದ್ಧ ನಿಲ್ಲಿಸು ಅನ್ನುವ ಆದೇಶ ಬರುತ್ತದೆ. ಆ ಸರ್ಕಾರದ ಮೇಲೆ ಅವನಿಗೆ ಕಾಸಿನ ಗೌರವ ಇಲ್ಲ. ಕೇಳಿಸಲೇ ಇಲ್ಲ ಅಂದುಕೊಂಡು ಗುಂಡು ಹಾರಿಸಿ ಅನ್ನುತ್ತಾನೆ ಜೊತೆಗಾರ. ಯಾಂಗ್ ನಿಲ್ಲಿಸುತ್ತಾನೆ, ಅವನ ದೇಶ ಸೋಲುತ್ತದೆ. ಸೈನ್ಯ ಚುನಾಯಿತರ ಮಾತು ಕೇಳಬೇಕು ಅನ್ನುವ ತತ್ವ ಇಷ್ಟು ದುಬಾರಿಯಾಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಮಧ್ಯೆ ಮಧ್ಯೆ ಬೋರ್ ಹೊಡೆಸುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

'ಡೆತ್ ನೋಟ್' ನಿಮ್ಮ ತಮ್ಮ ಖಂಡಿತ ನೋಡಿರುತ್ತಾನೆ. ಒಂದು ನೋಟ್‌ಬುಕ್ಕಿನಲ್ಲಿ ಯಾರ ಹೆಸರು ಬರೆದರೆ ಅವರು ಸಾಯುತ್ತಾರೆ, ಹುಡುಗನೊಬ್ಬ ಅದರಲ್ಲಿ ಅಪರಾಧಿಗಳ ಹೆಸರು ಬರೆಯುತ್ತಾ ಹೋಗುತ್ತಾನೆ. ಕೋರ್ಟಿಲ್ಲದೆ ಕೊಲ್ಲಬಹುದಾ? ಒಳ್ಳೆಯ ಪ್ರಶ್ನೆಯೇ. 2019ರಲ್ಲಿ ಹೈದರಾಬಾದ್ ಎನ್‌ಕೌಂಟರ್ ಆದಾಗ ಪೊಲೀಸರ ಮೇಲೆ ಜನ ಹೂವು ಸುರಿದಿದ್ದರಲ್ವಾ, ಅದೇ ಪ್ರಶ್ನೆ. ಆದರೆ ಕಥೆ ಬೇಗನೆ ಕಳ್ಳ ಪೊಲೀಸ್ ಆಟಕ್ಕೆ ತಿರುಗುತ್ತದೆ. ಮಜಾ ಇದೆ, ಚಿಂತನೆ ಕಮ್ಮಿ. ತತ್ವದ ಹೆಸರಿನಲ್ಲಿ ಅಲಂಕಾರವೂ ಬೇಕಾದಷ್ಟಿದೆ. 'ಇವಾಂಗೆಲಿಯನ್' ಅನ್ನುವ ಅನಿಮೆ ತುಂಬ ಶಿಲುಬೆ ಗುರುತುಗಳಿವೆ, ಅಭಿಮಾನಿಗಳು ಅದಕ್ಕೆ ಪುಟಗಟ್ಟಲೆ ಅರ್ಥ ಬರೆದಿದ್ದಾರೆ. ನೋಡಲು ಚೆನ್ನಾಗಿದೆ ಅಂತ ಹಾಕಿದೆವು ಅಂದವರು ಅದರ ಸಹಾಯಕ ನಿರ್ದೇಶಕರೇ.

"ಮಕ್ಕಳಿಗೆ ಮಾಡಿದ್ದರಲ್ಲಿ ಎಷ್ಟು ಇರುತ್ತೆ" ಅಂತಲೂ ಕೇಳಿದ್ದೀರಿ. ಬ್ಲ್ಯಾಕ್ ಜ್ಯಾಕ್ ಬಂದದ್ದು ಹುಡುಗರ ವಾರಪತ್ರಿಕೆಯಲ್ಲೇ. ಅದೇ 1973ರಲ್ಲಿ, ಇನ್ನೊಂದು ಹುಡುಗರ ವಾರಪತ್ರಿಕೆಯಲ್ಲಿ ಕೇಜಿ ನಕಾಜಾವಾ 'ಬರಿಗಾಲಿನ ಗೆನ್' ಶುರು ಮಾಡಿದರು. ಹಿರೋಶಿಮಾದಲ್ಲಿ ಬಾಂಬ್ ಬಿದ್ದಾಗ ಅವರಿಗೆ ಆರು ವರ್ಷ, ಅಪ್ಪ, ಅಕ್ಕ, ತಮ್ಮ ತೀರಿಹೋದರು. ಅವರು ಬಾಂಬ್ ಹಾಕಿದವರನ್ನು ಮಾತ್ರ ಬೈದು ಸುಮ್ಮನಾಗಲಿಲ್ಲ, ಯುದ್ಧ ಬೇಡ ಅಂದವರನ್ನು ದೇಶದ್ರೋಹಿ ಅಂದ ಸ್ವಂತ ಊರಿನವರನ್ನೂ, ಸ್ವಂತ ಸೈನ್ಯದ ಕ್ರೌರ್ಯವನ್ನೂ ಬರೆದರು. 2012ರಲ್ಲಿ ಮಾತ್ಸುಯೆ ನಗರದ ಶಿಕ್ಷಣ ಮಂಡಳಿ ಶಾಲಾ ಲೈಬ್ರರಿಗಳಿಗೆ ಅದನ್ನು ಮಕ್ಕಳ ಕೈಗೆ ಸುಲಭವಾಗಿ ಸಿಗದಂತೆ ಒಳಗಿಡಿ ಅಂತ ಹೇಳಿತು. ಗಲಾಟೆಯಾಗಿ ಮರುವರ್ಷ ಹಿಂತೆಗೆದುಕೊಂಡಿತು. ಸುಮ್ನೆ ಕಾರ್ಟೂನ್ ಆಗಿದ್ದರೆ ಬೀರುವಿಗೆ ಬೀಗ ಯಾಕೆ?

ಎಲ್ಲಿಂದ ಶುರು ಮಾಡಲಿ ಅಂದರೆ, ಬ್ಲ್ಯಾಕ್ ಜ್ಯಾಕ್‌ನ ಆ ಚಾಕುವಿನ ಕಥೆ. ಒಂದು ಕಾಫಿ ಮುಗಿಯುವಷ್ಟರಲ್ಲಿ ಓದಬಹುದು. ಓದಿ ತಮ್ಮನಿಗೂ ಕೊಡಿ, ಗುರು ಮೊದಲೇ ಹೇಳಬೇಕಿತ್ತಾ ಅಂತ ಕೇಳಿ. ಅವನು ಏನಂದ ಅಂತ ಇಲ್ಲಿ ಬರೆದರೆ ಖುಷಿ. ಮಾನ್‌ಸ್ಟರ್ ಅನಿಮೆ 74 ಕಂತಿದೆ, ನೈಟ್ ಡ್ಯೂಟಿ ಇರುವ ವಾರ ಮಾತ್ರ ಶುರು ಮಾಡಬೇಡಿ.