ಮಗನ ರೂಮಿನ ಬಾಗಿಲು ಲೆಸ್ಟರ್‌ಗೂ ಬರುತ್ತೆ

ಪತ್ರದಲ್ಲಿ ನೀವು ಅಕ್ಕ ಅಂತ ಕರೆದಿದ್ದೀರಿ, ಹಾಗಾಗಿ ನಾನೂ ತಂಗಿ ಅಂತಲೇ ಶುರು ಮಾಡುತ್ತೇನೆ. ಮೈಸೂರಿನ ಕುವೆಂಪುನಗರದಲ್ಲಿ ಮನೆ, ಯಜಮಾನರಿಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಎಂಜಿನಿಯರ್ ಕೆಲಸ, ಎಂಟನೇ ಕ್ಲಾಸಿನಲ್ಲಿ ಓದುತ್ತಿರುವ ಒಬ್ಬನೇ ಮಗ. ಇಲ್ಲಿಗೆ ಬರುವ ಮುಂಚೆ ಬಾಡಿಗೆ ಎಷ್ಟು, ಸೋನಾ ಮಸೂರಿ ಸಿಗುತ್ತಾ, ಚಳಿಗೆ ಏನು ತರಬೇಕು ಅಂತೆಲ್ಲ ಕೇಳಿ ನಡುವೆ ಒಂದು ಮಾತು ಬರೆದಿದ್ದೀರಿ. "ಕೊರೋನಾ ಆದಮೇಲೆ ಇವನು ಮೊದಲಿನ ಹಾಗಿಲ್ಲ ಅಕ್ಕ. ರೂಮಿನಿಂದ ಆಚೆ ಬರಲ್ಲ, ಮೊಬೈಲ್ ಕಿತ್ಕೊಂಡ್ರೆ ಕೂಗಾಡ್ತಾನೆ. ಊರು ಬದಲಾದ್ರೆ ಸರಿಹೋಗ್ತಾನೆ ಅಲ್ವಾ?"

ಅಕ್ಕಿ ಸಿಗುತ್ತೆ. ಬಾಡಿಗೆ ಜಾಸ್ತಿ. ದಪ್ಪ ಜಾಕೆಟ್ ಇಲ್ಲಿಗೆ ಬಂದೇ ಕೊಳ್ಳಿ, ಮೈಸೂರಿನ ಸ್ವೆಟರು ಇಲ್ಲಿನ ಚಳಿಗೆ ಸಾಲದು. ಇನ್ನು ಉಳಿದದ್ದೆಲ್ಲ ಮಗನ ವಿಷಯಕ್ಕೇ ಬರೆಯುತ್ತೇನೆ.

ಊರು ಬದಲಾದ ಮಾತ್ರಕ್ಕೆ ಸರಿಹೋಗಲ್ಲ, ತಂಗಿ. ಕುವೆಂಪುನಗರದ ಆ ರೂಮಿನ ಬಾಗಿಲನ್ನು ಅವನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡೇ ಬರುತ್ತಾನೆ. ನಿಷ್ಠುರ ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಇದೇ ಲೆಸ್ಟರ್‌ನಲ್ಲಿ ಅಂಥದ್ದೇ ಬಾಗಿಲ ಮುಂದೆ ಒಂದು ವರ್ಷ ನಿಂತವಳು ನಾನು.

ನಾನು ಮಂಡ್ಯದವಳು. 2012ರಲ್ಲಿ ಇಲ್ಲಿಗೆ ಬಂದಾಗ ಮಗಳಿಗೆ ಐದು ವರ್ಷ. 2020ರ ಮಾರ್ಚ್ 20ಕ್ಕೆ ಶಾಲೆಗಳು ಮುಚ್ಚಿದಾಗ ಅವಳಿಗೆ ಹದಿಮೂರು. ಜುಲೈ ಹೊತ್ತಿಗೆ ಇಂಗ್ಲೆಂಡಿನ ಬೇರೆ ಊರುಗಳು ಉಸಿರಾಡತೊಡಗಿದವು, ನಮಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಜೂನ್ 29ರ ರಾತ್ರಿ ಘೋಷಣೆ ಆಯಿತು, ಲೆಸ್ಟರ್ ಇನ್ನೂ ತೆರೆಯುವಂತಿಲ್ಲ ಅಂತ. ಇಡೀ ಬ್ರಿಟನ್ನಿನಲ್ಲಿ ಒಂದೇ ಊರಿಗೆ ಅಂತ ಹಾಕಿದ ಮೊದಲ ಲಾಕ್‌ಡೌನ್ ನಮ್ಮದು. 2021ರ ಜನವರಿಯಲ್ಲಿ ಮತ್ತೆ ಶಾಲೆ ಬಂದ್, ಮಾರ್ಚ್ 8ರ ತನಕ.

ಬೆಳಿಗ್ಗೆ ದೋಸೆ ಹಾಕಿ ತಟ್ಟೆ ಅವಳ ಬಾಗಿಲ ಹತ್ತಿರ ಇಡುತ್ತಿದ್ದೆ. ಮಧ್ಯಾಹ್ನ ನೋಡಿದರೆ ಚಟ್ನಿ ಒಣಗಿ ತಟ್ಟೆಗೆ ಅಂಟಿರುತ್ತಿತ್ತು. ದೋಸೆಯ ಒಂದು ಮೂಲೆ ಮಾತ್ರ ಮುರಿದಿರುತ್ತಿತ್ತು. ಒಳಗೆ ಲ್ಯಾಪ್‌ಟಾಪಿನಲ್ಲಿ ಟೀಚರು ಮಾತಾಡುತ್ತಲೇ ಇರುತ್ತಿದ್ದರು, ಇವಳು ಕ್ಯಾಮೆರಾ ಆಫ್ ಮಾಡಿ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಶಾಲೆ ತೆರೆದ ಮೇಲಾದರೂ ಸರಿಹೋದಳಾ ಅಂದರೆ ಅದೂ ಇಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಶನಿವಾರ ಭಾನುವಾರ ಇರುತ್ತಿರಲಿಲ್ಲ. ನಾನು ಅದನ್ನು ನಾಟಕ ಅಂದುಕೊಂಡೆ. ನಾಟಕ ಅಲ್ಲ, ನಿಜವಾಗಿಯೂ ನೋಯುತ್ತಿತ್ತು. ಹೆದರಿಕೆ ಹೊಟ್ಟೆಗೆ ಇಳಿಯುತ್ತೆ ಅನ್ನೋದು ನನಗೆ ಆಮೇಲೆ ಗೊತ್ತಾಯಿತು.

ಮಂಡ್ಯದಿಂದ ಅವ್ವ ಫೋನ್ ಮಾಡಿ "ಮೊಮ್ಮಗಳು ಏನ್ ಮಾಡ್ತಾ ಅವ್ಳೆ?" ಅಂದರೆ "ಓದ್ತಾ ಅವ್ಳೆ ಕಣವ್ವ" ಅಂತ ಸುಳ್ಳು ಹೇಳುತ್ತಿದ್ದೆ. ಅವ್ವನಿಗೆ ಸಂಶಯ ಬಂದೇ ಬಂತು. "ಯಾರೋ ಕಣ್ ಹಾಕವ್ರೆ, ಮೆಣಸಿನಕಾಯಿ ನೀವಾಳಿಸಿ ಒಲೆಗಾಕು" ಅಂದಳು. ಹಾಕಿದೆ. ಸ್ಮೋಕ್ ಅಲಾರಂ ಬೀದಿಗೆಲ್ಲ ಕೇಳುವ ಹಾಗೆ ಬಡಿದುಕೊಂಡಿತು. ಮಗಳು ರೂಮಿನಿಂದ ಓಡಿಬಂದು ಸೀನುತ್ತಾ ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ. ಅವ್ವ ಹೇಳಿದಂತೆ ದೃಷ್ಟಿ ತೆಗೆದದ್ದು ಅಷ್ಟರಮಟ್ಟಿಗೆ ಕೆಲಸ ಮಾಡಿತು ಅನ್ನಿ.

ಆಗ ನನಗೆ ಊರಿನ ಮಕ್ಕಳನ್ನು ನೋಡಿದರೆ ಹೊಟ್ಟೆಕಿಚ್ಚು. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ನನ್ನ ತಂಗಿಯ ಮಗ ಇದ್ದಾನೆ, ಇವಳದೇ ವಯಸ್ಸು. ವಿಡಿಯೋದಲ್ಲಿ ಕಬ್ಬಿನ ಗದ್ದೆ ಬದುವಿನ ಮೇಲೆ ಓಡಾಡೋದು ಕಾಣುತ್ತಿತ್ತು. ಅವನಿಗೇನು ಬಿಡಪ್ಪ, ಬಯಲಿದೆ, ಗಾಳಿ ಇದೆ ಅಂದುಕೊಂಡಿದ್ದೆ. 2020ರ ಆಗಸ್ಟಿನಲ್ಲಿ ವಿದ್ಯಾಗಮ ಅಂತ ಮೇಷ್ಟ್ರುಗಳೇ ಊರೂರಿಗೆ ಬಂದು ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದೂ ನಿಂತಿತು. ಇವನು ಆಲೆಮನೆಗೆ ಹೋಗಿ ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುವ ಕೆಲಸಕ್ಕೆ ಸೇರಿಕೊಂಡ. ಕೈಗೆ ಕಾಸು ಬಂತು, ಜೊತೆಗೆ ದೊಡ್ಡವರ ಸಹವಾಸ. ಶಾಲೆ ತೆರೆದಾಗ ಬೆಂಚಿನ ಮೇಲೆ ಅರ್ಧ ಗಂಟೆ ಕೂರಲಾರದೆ ಎದ್ದುಬರುತ್ತಿದ್ದ. ಬಯಲಲ್ಲಿದ್ದ ಹುಡುಗನಿಗೂ ರೂಮಲ್ಲಿದ್ದ ಹುಡುಗಿಗೂ ಕಳೆದುಹೋಗಿದ್ದು ಒಂದೇ. ಓರಗೆಯ ಮಕ್ಕಳ ಜೊತೆ ದಿನಾ ಜಗಳ ಆಡಿ ದಿನಾ ರಾಜಿ ಆಗುವುದು, ಬೆಲ್ಲು ಹೊಡೆದಾಗ ಏಳುವುದು, ಬೆಲ್ಲು ಹೊಡೆದಾಗ ಮನೆಗೆ ಬರುವುದು. ಯಾವ ಊರು, ಯಾವ ದೇಶ ಅನ್ನೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಆಮೇಲೆ ಅನ್ನಿಸಿತು.

ಇಲ್ಲಿ ಸರ್ಕಾರದವರು ಲೆಕ್ಕ ಹಾಕಿದ್ದರು. 2017ರಲ್ಲಿ 5ರಿಂದ 16 ವರ್ಷದ ಮಕ್ಕಳಲ್ಲಿ ಒಂಬತ್ತಕ್ಕೆ ಒಬ್ಬರಿಗೆ ಮನಸ್ಸಿನ ತೊಂದರೆ ಇರಬಹುದು ಅಂತ ಇತ್ತು. 2020ರ ಜುಲೈಗೆ ಆರಕ್ಕೆ ಒಬ್ಬರು. 2023ರಲ್ಲಿ 8ರಿಂದ 16ರ ಮಕ್ಕಳನ್ನು ನೋಡಿದಾಗ ಐದಕ್ಕೆ ಒಬ್ಬರು. ರೋಗ ಹೋದ ಮೇಲೂ ಇದು ಇಳಿಯಲಿಲ್ಲ ನೋಡಿ. ನಿಮ್ಮ ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆ ಮುಚ್ಚಿತು. ಕರ್ನಾಟಕದಲ್ಲಿ ಒಂದರಿಂದ ಐದನೇ ಕ್ಲಾಸು ಮತ್ತೆ ಶುರುವಾಗಿದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಅವನು ನಾಲ್ಕನೇ ಕ್ಲಾಸು. ಗೋಲಿ, ಕ್ರಿಕೆಟ್ಟು, ಟೂ ಬಿಡೋದು, ಮತ್ತೆ ಸೇರಿಕೊಳ್ಳೋದು, ಇದನ್ನೆಲ್ಲ ಕಲಿಯುವ ವಯಸ್ಸು ಹಾಗೇ ಹೋಯಿತು. ಅದರ ಹಿಂದೆಯೇ ಮೀಸೆ ಚಿಗುರುವ ವಯಸ್ಸು ಬಂತು. ಅವನ ಮೇಲೆ ಸಿಟ್ಟು ಬಂದಾಗ ಇದನ್ನು ನೆನೆಸಿಕೊಳ್ಳಿ.

ಈಗ ನೀವು ಅವನನ್ನು ಇನ್ನೊಂದು ಸಲ ಸ್ನೇಹಿತರಿಂದ ಬಿಡಿಸಿಕೊಂಡು ಬರುತ್ತಿದ್ದೀರಿ. ಬರಬೇಡಿ ಅಂತಲ್ಲ. ಆದರೆ "ನಿನ್ನ ಒಳ್ಳೇದಕ್ಕೇ ಹೋಗ್ತಿರೋದು" ಅಂತ ಮಾತ್ರ ಅವನಿಗೆ ಹೇಳಬೇಡಿ. ಹೋಗುತ್ತಿರುವುದು ಅಪ್ಪನ ಕೆಲಸಕ್ಕೆ. ಅದನ್ನೇ ಹೇಳಿ. ನಾಳೆ ಇಲ್ಲಿ ಅವನಿಗೆ ಹೊಂದದೇ ಹೋದರೆ, ಎಲ್ಲರೂ ತನಗೋಸ್ಕರ ಬಂದರು, ತಾನೇ ಹಾಳುಮಾಡಿದೆ ಅನ್ನುವ ಭಾರ ಬೇರೆ ಯಾಕೆ?

ಹೊರಡುವ ಮುಂಚೆ ಅಲ್ಲೇ ಮಾಡಬೇಕಾದ ಕೆಲಸಗಳಿವೆ. ಮೊದಲನೆಯದು, ಅಲ್ಲೇ ಯಾರ ಹತ್ತಿರವಾದರೂ ಮಾತಾಡಿಸಿ. ಟೆಲಿ ಮಾನಸ್ ಅಂತ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ 2022ರಿಂದ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನೀವೂ ಮಾಡಬಹುದು, ಅವನೇ ಮಾಡಬೇಕು ಅಂತಿಲ್ಲ. ಅವನು ಕನ್ನಡದಲ್ಲಿ ಮನಸ್ಸು ಬಿಚ್ಚಿಕೊಳ್ಳುವ ಹಾಗೆ ಇಂಗ್ಲಿಷಿನಲ್ಲಿ ಬಿಚ್ಚಿಕೊಳ್ಳುವುದಕ್ಕೆ ಇನ್ನೂ ಕಾಲ ಬೇಕು. ಅಲ್ಲಿ ಡಾಕ್ಟರಿಗೆ ತೋರಿಸಿದರೆ ಅವರ ಹತ್ತಿರ ಒಂದು ಕಾಗದ ಬರೆಸಿಕೊಂಡು ಬನ್ನಿ. ಲಸಿಕೆ ಕಾರ್ಡ್ ಮರೆಯಬೇಡಿ. ಹಲ್ಲು ತೋರಿಸಿಕೊಂಡೇ ಬನ್ನಿ. ಇಲ್ಲಿ ಮಕ್ಕಳ ಹಲ್ಲಿಗೆ ದುಡ್ಡಿಲ್ಲ ಅನ್ನೋದು ನಿಜ, ಆದರೆ ಹೊಸಬರನ್ನು ಸೇರಿಸಿಕೊಳ್ಳುವ ಸರ್ಕಾರಿ ಹಲ್ಲಿನ ಡಾಕ್ಟರು ಸಿಗುವಷ್ಟರಲ್ಲಿ ಹಲ್ಲೇ ಬಿದ್ದುಹೋದೀತು.

ಅತ್ತೆಯವರು ದಸರಾ ಮುಗಿಸಿಕೊಂಡು ಹೋಗಿ ಅನ್ನುತ್ತಿದ್ದಾರೆ ಅಂದಿರಿ. ಅವರಿಗೆ ನನ್ನ ನಮಸ್ಕಾರ ಹೇಳಿ, ಆಗಸ್ಟಿನಲ್ಲೇ ಹೊರಡಿ. ಇಲ್ಲಿ ಕ್ಲಾಸು ಕೊಡೋದು ವಯಸ್ಸಿನ ಮೇಲೆ. ಸೆಪ್ಟೆಂಬರಿಗೆ ಅವನು ಇಯರ್ 10, ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ಥರದ ಜಿಸಿಎಸ್‌ಇ ಓದು ಶುರುವಾಗುವ ವರ್ಷ. ಮೊದಲ ದಿನ ಎಲ್ಲರೂ ಹೊಸ ಬೆಂಚು ಹುಡುಕುತ್ತಿರುತ್ತಾರೆ, ಇವನೂ ಅವರಲ್ಲೊಬ್ಬ. ಅಕ್ಟೋಬರ್ ಕೊನೆಗೆ ಬಂದರೆ ಗುಂಪುಗಳೆಲ್ಲ ಆಗಿಹೋಗಿರುತ್ತವೆ, ಊಟದ ಹಾಲ್‌ನಲ್ಲಿ ತಟ್ಟೆ ಹಿಡಿದು ಎಲ್ಲಿ ಕೂರಲಿ ಅಂತ ನೋಡೋ ಹುಡುಗ ಇವನೊಬ್ಬನೇ. ಶಾಲೆಗೆ ಅರ್ಜಿ ಹಾಕೋದು ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ.

ಬಂದ ವಾರದಲ್ಲೇ ಜಿಪಿ ಹತ್ತಿರ ಹೆಸರು ಬರೆಸಿ. ಜಿಪಿ ಅಂದರೆ ನಮ್ಮ ಬಡಾವಣೆ ಡಾಕ್ಟರಿದ್ದ ಹಾಗೆ, ಎಲ್ಲದಕ್ಕೂ ಮೊದಲ ಬಾಗಿಲು ಅವರದೇ. ವೀಸಾಕ್ಕೆ ಕಟ್ಟುವಾಗಲೇ ಮಗನ ತಲೆಗೆ ವರ್ಷಕ್ಕೆ 776 ಪೌಂಡ್, ನಿಮಗಿಬ್ಬರಿಗೂ ತಲಾ 1,035 ಪೌಂಡ್ ಆರೋಗ್ಯದ ಬಾಬ್ತು ಕಟ್ಟಿರುತ್ತೀರಿ. ಸಂಕೋಚ ಬೇಡ, ಅದು ನಿಮ್ಮದೇ ದುಡ್ಡು. ಇಂಗ್ಲೆಂಡಿನಲ್ಲಿ ಹದಿನಾರರ ಒಳಗಿನವರಿಗೆ ಔಷಧಿಗೂ ದುಡ್ಡಿಲ್ಲ.

ಒಂದು ವಿಷಯಕ್ಕೆ ಮಾತ್ರ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮಗಳನ್ನು ಕರೆದುಕೊಂಡು ಹೋದ ದಿನ ಡಾಕ್ಟರಮ್ಮ ಐದು ನಿಮಿಷ ನನ್ನ ಮಾತು ಕೇಳಿದರು. ಆಮೇಲೆ ತುಂಬಾ ಮೆಲ್ಲಗೆ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ ಅಂದರು. ನನ್ನ ಮಗಳು, ಹದಿನಾಲ್ಕು ವರ್ಷದವಳು, ನನ್ನನ್ನೇ ಹೊರಗೆ ಹೋಗು ಅಂತಾರಲ್ಲ ಅಂತ ಮುಖ ಕೆಂಪಾಯಿತು. ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿ. ಎದುರಿಗೆ ಕೈ ತೊಳೆಯುವುದು ಹೇಗೆ ಅನ್ನುವ ಚಿತ್ರಪಟ. ಆ ಚಿತ್ರದ ಬೆರಳುಗಳನ್ನು ಎಷ್ಟು ಸಲ ಎಣಿಸಿದೆನೋ. ಇಪ್ಪತ್ತು ನಿಮಿಷ ಆದಮೇಲೆ ಮಗಳು ಬಂದಳು, ಕಣ್ಣು ಊದಿತ್ತು. ಏನು ಹೇಳಿದೆ ಅಂತ ಕೇಳಲಿಲ್ಲ. ಕೇಳಬಾರದು ಅಂತ ತಿಳಿದು ಸುಮ್ಮನಿದ್ದೆ ಅಂದುಕೊಳ್ಳಬೇಡಿ, ಧೈರ್ಯ ಇರಲಿಲ್ಲ ಅಷ್ಟೆ. ಬಸ್ಸಿನಲ್ಲಿ ಅವಳೇ ನನ್ನ ಭುಜಕ್ಕೆ ಒರಗಿಕೊಂಡಳು.

ಇಲ್ಲಿ ಹದಿನಾರು ಆಗದ ಮಕ್ಕಳೂ, ವಿಷಯ ಅರ್ಥಮಾಡಿಕೊಳ್ಳುವಷ್ಟು ಬುದ್ಧಿ ಬಂದಿದೆ ಅಂತ ಡಾಕ್ಟರಿಗೆ ಅನ್ನಿಸಿದರೆ, ತಮ್ಮ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು. 1985ರಲ್ಲಿ ಇಲ್ಲಿನ ದೊಡ್ಡ ಕೋರ್ಟಿನಲ್ಲಿ ಆದ ತೀರ್ಮಾನ ಅದು. ಜೀವಕ್ಕೆ ಅಪಾಯ ಅಂತ ಕಂಡರೆ ಮುಚ್ಚಿಟ್ಟುಕೊಳ್ಳಲ್ಲ. ಉಳಿದದ್ದು ಅವರಿಬ್ಬರ ನಡುವೆ. ನಮ್ಮ ಕಡೆಯವರಿಗೆ ಇದು ಮಕ್ಕಳನ್ನು ಕೆಡಿಸೋ ಕೆಲಸ ಅನ್ನಿಸುತ್ತೆ. ನನಗೂ ಅನ್ನಿಸಿತ್ತು. ಈಗ ಅನ್ನಿಸಲ್ಲ. ಅಮ್ಮನಿಗೆ ನೋವಾಗುತ್ತೆ ಅಂತ ಅಮ್ಮನಿಗೇ ಹೇಳದ ಮಾತುಗಳಿರುತ್ತವೆ, ಅವು ಯಾರಿಗಾದರೂ ಹೇಳಲೇಬೇಕಲ್ಲ.

ಆದರೆ ಎಲ್ಲ ಚಕಚಕ ಆಗುತ್ತೆ ಅಂದುಕೊಳ್ಳಬೇಡಿ. ಮಕ್ಕಳ ಮನಸ್ಸಿನ ತಜ್ಞರನ್ನು ಕಾಣಲು ಈ ದೇಶದಲ್ಲಿ ಸರತಿ ಉದ್ದ, ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಅಲ್ಲಿಯವರೆಗೆ ಆಸರೆ ಶಾಲೆಯೇ. ಹೆಡ್ ಆಫ್ ಇಯರ್ ಅಂತ ಒಬ್ಬರಿರುತ್ತಾರೆ, ಒಂದು ಇಯರಿನ ಮಕ್ಕಳನ್ನೆಲ್ಲ ನೋಡಿಕೊಳ್ಳುವ ಟೀಚರು. ಮೊದಲ ವಾರವೇ ಹೋಗಿ ಇವನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿ. ಹೇಳಿದರೆ ದಡ್ಡರ ಗುಂಪಿಗೆ ಹಾಕಿಬಿಡ್ತಾರೆ ಅನ್ನುವ ಭಯ ನಮ್ಮವರಿಗೆ ಇದೆ. ನಮ್ಮ ಅನುಭವದಲ್ಲಿ ಹಾಗೇನೂ ಆಗಲಿಲ್ಲ. ಮಗಳಿಗೆ ಸೋಮವಾರ ಮೊದಲ ಪೀರಿಯಡ್ಡು ಲೈಬ್ರರಿಯಲ್ಲಿ ಕೂತು ಆಮೇಲೆ ಕ್ಲಾಸಿಗೆ ಹೋಗಲು ಬಿಟ್ಟರು. ಅಷ್ಟೇ ಮಾಡಿದ್ದು. ಎರಡು ತಿಂಗಳಲ್ಲಿ ಹೊಟ್ಟೆನೋವು ಹೋಯಿತು.

ಚೈಲ್ಡ್‌ಲೈನ್ ಅಂತ ಇಲ್ಲಿನ ಮಕ್ಕಳ ಸಹಾಯವಾಣಿ ಇದೆ, ನಂಬರ್ 0800 1111, ಮಕ್ಕಳೇ ಮಾಡಬಹುದು, ಬಿಲ್ ಬರಲ್ಲ. ಅದನ್ನು ಅವನ ಫೋನಿನಲ್ಲಿ ಹಾಕಿಕೊಡಿ, ಮಾಡಿದೆಯಾ ಅಂತ ಕೇಳಬೇಡಿ. ಸಾಯುವ ಮಾತು ಆಡಿದರೆ, ಮೈಗೆ ಗಾಯ ಮಾಡಿಕೊಂಡಿದ್ದು ಕಂಡರೆ ಸರತಿ ಗಿರತಿ ಅಂತ ಕಾಯಬೇಡಿ. ಇಲ್ಲಿನ ಸರ್ಕಾರಿ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ ಮನಸ್ಸಿನ ತೊಂದರೆಗೆ ಅಂತ 2 ಒತ್ತಿ, ಹಗಲು ರಾತ್ರಿ ಇರುತ್ತಾರೆ. ಕೈಮೀರಿದ್ದರೆ 999, ಇಲ್ಲಿನ ತುರ್ತು ನಂಬರ್.

ಇನ್ನು ಚಳಿಗಾಲ. ಡಿಸೆಂಬರಿನಲ್ಲಿ ಬೆಳಗಾಗೋದು ಎಂಟು ಗಂಟೆ ಮೇಲೆ, ನಾಲ್ಕಕ್ಕೆ ಮುಂಚೆ ಸೂರ್ಯ ಮುಳುಗಿರುತ್ತಾನೆ. ರೂಮು ಬಿಡದ ಹುಡುಗನಿಗೆ ಇದು ಒಳ್ಳೆ ನೆಪ. ನಮ್ಮಂಥ ಕಪ್ಪು ಮೈಯವರು ವರ್ಷಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊಳ್ಳೋದು ಒಳ್ಳೇದು ಅಂತ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತೆ. ಮಾತ್ರೆ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತೆ, ಅಗ್ಗ. ರಾತ್ರಿ ತಡವಾಗಿ ನಿದ್ದೆ ಬರೋದು ಆ ವಯಸ್ಸಿನ ಮೈಯ ಗುಣ, ಪೂರ್ತಿ ಸೋಮಾರಿತನ ಅಲ್ಲ. ಆದರೆ ಮೊಬೈಲ್ ರಾತ್ರಿ ಅಡುಗೆಮನೆಯಲ್ಲಿ ಚಾರ್ಜ್ ಆಗಲಿ. ನಿಮ್ಮದೂ, ಯಜಮಾನರದೂ. ನಾನು ಮಗಳದ್ದನ್ನು ಮಾತ್ರ ಇಟ್ಟುಕೊಂಡು ನನ್ನದನ್ನು ಹಾಸಿಗೆಗೆ ಒಯ್ಯುತ್ತಿದ್ದೆ. ಅವಳು ಒಂದೇ ಮಾತಲ್ಲಿ ನನ್ನ ಮರ್ಯಾದೆ ತೆಗೆದಳು.

ರಾಗಿ ಹಿಟ್ಟು ಬೆಲ್‌ಗ್ರೇವ್ ರೋಡಿನ ಗುಜರಾತಿ ಅಂಗಡಿಗಳಲ್ಲಿ ಸಿಗುತ್ತೆ, ನಾಗ್ಲಿ ಅಂತಲೋ ನಾಚ್ನಿ ಅಂತಲೋ ಬರೆದಿರುತ್ತೆ, ಗಾಬರಿ ಬೇಡ. ಮಗಳು ಆ ಕೆಟ್ಟ ವರ್ಷದಲ್ಲಿ ಊಟದ ಮೇಜಿಗೆ ಮೊದಲು ಬಂದದ್ದು ಮುದ್ದೆ ಉಪ್ಸಾರಿಗೆ. ಮುದ್ದೆ ಬಾಗಿಲ ಹತ್ತಿರ ಇಟ್ಟರೆ ಆರಿ ಕಲ್ಲಾಗುತ್ತೆ ನೋಡಿ, ಬಿಸಿ ಇರುವಾಗಲೇ ಬಂದು ತಿನ್ನಬೇಕು. ಮೂವರೂ ಒಟ್ಟಿಗೆ ಕೂರುವ ಒಂದು ಹೊತ್ತು ಇಟ್ಟುಕೊಳ್ಳಿ. ಓದಿನ ವಿಷಯ ಆ ಹೊತ್ತಿನಲ್ಲಿ ಎತ್ತಬೇಡಿ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ವಿಕ್ಟೋರಿಯಾ ಪಾರ್ಕಿನಲ್ಲಿ ಪಾರ್ಕ್‌ರನ್ ಇರುತ್ತೆ, ಐದು ಕಿಲೋಮೀಟರ್. ಫೀಸಿಲ್ಲ, ಓಡಲೇಬೇಕು ಅಂತಿಲ್ಲ, ನಡೆಯಬಹುದು. ನಾನು ಮಗಳು ಕುಕ್ಕರಹಳ್ಳಿ ಕೆರೆ ಸುತ್ತೋ ವೇಗದಲ್ಲಿ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದೆವು, ಆದರೂ ಚಪ್ಪಾಳೆ ತಟ್ಟುತ್ತಿದ್ದರು. ಮಾತಾಡದ ಮಕ್ಕಳು ಎದುರಿಗೆ ಕೂರಿಸಿಕೊಂಡರೆ ಬಾಯಿ ಬಿಡಲ್ಲ, ಪಕ್ಕದಲ್ಲಿ ನಡೆಯುತ್ತಾ ಇದ್ದರೆ ಒಂದೊಂದು ಮಾತು ಬರುತ್ತೆ.

ಮಗಳು ಈಗ ಯೂನಿವರ್ಸಿಟಿಗೆ ಹೋಗಿದ್ದಾಳೆ. ಅವಳ ಸೈಕಲ್ಲು ನಮ್ಮ ಶೆಡ್ಡಿನಲ್ಲಿ ಸುಮ್ನೆ ನಿಂತಿದೆ. ಹುಡುಗರೂ ಓಡಿಸಬಹುದು, ನೀಲಿ ಬಣ್ಣ. ಚೈನಿಗೆ ಎಣ್ಣೆ ಹಾಕಿ ಇಟ್ಟಿರ್ತೀನಿ. ನಿಮ್ಮ ಮಗ ಎಷ್ಟು ಎತ್ತರ ಇದ್ದಾನೆ ಅಂತ ಅವನನ್ನೇ ಕೇಳಿ ಬರೆಯಿರಿ, ಸೀಟು ಏರಿಸಬೇಕು.