ಮಾತಾಡಿದ್ದಕ್ಕೂ ರೊಕ್ಕ ಏನ್ರಿ?

ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಯಲ್ಲಿ ನಮ್ಮದು ಮೆಣಸಿನಕಾಯಿ ಅಡತಿ ಅಂಗಡಿ. ಮಗ ಮುಂಬೈಯಲ್ಲಿ ಇನ್ವೆಸ್ಟ್‌ಮೆಂಟ್ ಬ್ಯಾಂಕರ್. ಈಗ ನೌಕರಿ ಬಿಟ್ಟು ಹುಬ್ಬಳ್ಳಿಯಲ್ಲಿ ಹಣಕಾಸು ಸಲಹೆಗಾರ ಆಗ್ತೀನಿ ಅಂತಾನೆ. ನೀವೂ ಹಾಗೇ ಬಂದವರಂತೆ. ಅವನಿಗೆ ಏನು ಹೇಳಲಿ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಯಜಮಾನರೇ, ನಮ್ಮಪ್ಪ ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದರು. ನೀವು ಪತ್ರವನ್ನಾದರೂ ಬರೆದಿರಿ.

ನಿಮ್ಮ ಮಗನ ಬ್ಯಾಂಕಿನಲ್ಲಿ ಪಾಸ್‌ಬುಕ್ಕೂ ಇಲ್ಲ, ಕೌಂಟರೂ ಇಲ್ಲ. ಕಂಪನಿ ಐಪಿಒ ತರುವಾಗ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರುವಾಗ, ಕಾಗದಪತ್ರ ಸಿದ್ಧ ಮಾಡೋದು, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಬೆಲೆ ಕಟ್ಟೋದು ಅಲ್ಲಿನ ಕೆಲಸ. ನಡುವೆ ನಿಂತು ವ್ಯಾಪಾರ ಕುದುರಿಸೋ ಅದೂ ಒಂಥರಾ ಅಡತಿಯೇ, ಚೀಲದ ಬದಲು ಕಂಪನಿ.

ಇಲ್ಲಿ ನನ್ನ ಮೊದಲ ಗಿರಾಕಿ ಒಬ್ಬ ನಿವೃತ್ತ ಮಾಸ್ತರರು. ಬಟ್ಟೆ ಅಂಗಡಿಯ ಕೈಚೀಲದಿಂದ 11 ವಿಮಾ ಪಾಲಿಸಿ ತೆಗೆದು ಮೇಜಿನ ಮೇಲೆ ಸುರಿದರು. ಎರಡಕ್ಕೆ ಎಣ್ಣೆ ಕಲೆ ಹತ್ತಿತ್ತು, ಒಂದರಲ್ಲಿ ನಾಮಿನಿ ತೀರಿಹೋದ ಅವರ ತಾಯಿ. ಎರಡು ತಾಸು ಕೂತು ಲೆಕ್ಕ ಹಾಕಿದೆ. ವರ್ಷದ ಕಂತುಗಳು ಮೂರು ತಿಂಗಳ ಪಿಂಚಣಿ ನುಂಗುತ್ತಿದ್ದವು. ಫೀ 5,000 ಅಂದೆ. ‘ಮಾತಾಡಿದ್ದಕ್ಕೂ ರೊಕ್ಕ ಏನ್ರಿ?’ ಅಂತ ಚಹಾ ಮುಗಿಸಿ ಎದ್ದರು. ಪಾಲಿಸಿ ಮಾರಿದವರಿಗೆ ಕಮಿಷನ್ ಹೋಗಿದ್ದೂ ಅವರ ಕಂತಿನಿಂದಲೇ. ಆದರೆ ಅದನ್ನು ಕಿಸೆಯಿಂದ ಎಣಿಸಿ ಕೊಟ್ಟಿರಲಿಲ್ಲ ನೋಡಿ. ವರ್ಷದ ಮೇಲೆ ಮತ್ತೆ ಬಂದರು, ಫೀ ಕೊಟ್ಟರು. ಅಷ್ಟರಲ್ಲಿ ಚೀಲದಲ್ಲಿ 13 ಪಾಲಿಸಿ!

ಮಗನಿಗೆ ಒಂದೇ ಮಾತು ಕೇಳಿ: ಕಮಿಷನ್ನೋ, ಫೀಯೋ? ಮ್ಯೂಚುವಲ್ ಫಂಡ್ ಮಾರಿ ಕಮಿಷನ್ ತಗೊಂಡರೆ ಅವನು ವಿತರಕ. ಫೀ ತಗೊಂಡು ಹೂಡಿಕೆ ಸಲಹೆ ಕೊಡೋದಾದರೆ ಷೇರುಪೇಟೆ ನಿಯಂತ್ರಕ ಸೆಬಿಯ 2013ರ ನಿಯಮದ ಪ್ರಕಾರ ನೋಂದಣಿ ಬೇಕು, ಸೆಬಿಯದೇ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ 10-ಎ, 10-ಬಿ ಪರೀಕ್ಷೆ ಪಾಸಾಗಿರಬೇಕು. ಹಾಗೆ ನೋಂದಾಯಿಸಿಕೊಂಡ ವ್ಯಕ್ತಿ ಫಂಡ್ ಮಾರಿ ಕಮಿಷನ್ ತಗೊಳ್ಳುವಂತಿಲ್ಲ. ಮಾರುವವನ ಕಡೆಗೂ ಕೊಳ್ಳುವವನ ಕಡೆಗೂ ನಿಂತು ಮಾತಾಡೋ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ.

ಬ್ಯಾಲೆನ್ಸ್ ಶೀಟ್ ಓದೋದು ಅವನಿಗೆ ಬರುತ್ತೆ. ಅಣ್ಣತಮ್ಮಂದಿರ ಹೊಲದ ಜಗಳ, ಮಗಳ ಮದುವೆ ಸಾಲ ಕೇಳಿಸಿಕೊಳ್ಳೋದು ಬರುತ್ತೋ ಇಲ್ಲವೋ ಕಾಣೆ, ನನಗಂತೂ ಬರುತ್ತಿರಲಿಲ್ಲ. ಪರೀಕ್ಷೆ ಅಲ್ಲಿದ್ದಾಗಲೇ ಮುಗಿಸಲಿ. ಮೂರು ವರ್ಷದ ಮನೆಖರ್ಚು ಎಫ್‌ಡಿಯಲ್ಲಿಟ್ಟು ಬರಲಿ, ನನ್ನ ಆಫೀಸಿನ ಬಾಡಿಗೆ ದುಡಿಮೆಯಿಂದ ಹುಟ್ಟಿದ್ದು ಮೂರನೇ ವರ್ಷದಲ್ಲೇ. ಹಾಂ, ಕನ್ಯೆ ನೋಡೋದು ಬಾಕಿ ಇದ್ದರೆ ರಾಜೀನಾಮೆಗೆ ಮೊದಲೇ ನೋಡಿ. ‘ಸ್ವಂತ ಕನ್ಸಲ್ಟಿಂಗ್’ ಅಂದರೆ ಬೀಗರಾಗುವವರು ಏಜೆಂಟ್ ಅಂತಲೇ ತಿಳಿಯೋದು.