ಅಕ್ಷತೆ ಹಾಕುವ ಕೈ ಎರಡೆರಡು ಕಾಣುವುದೇಕೆ?

ಪ್ರಶ್ನೆ: 2011ರಲ್ಲಿ ಮಗಳ ಮದುವೆಯನ್ನು ಎಚ್‌ಡಿ ಕ್ಯಾಮೆರಾದಲ್ಲಿ ತೆಗೆಸಿದ್ದೆವು. ಕ್ಯಾಮೆರಾದ ಮೂಲ ವಿಡಿಯೋ, ಅಂದರೆ ಎಂಟಿಎಸ್ ಫೈಲ್‌ಗಳು, ಹಾರ್ಡ್ ಡಿಸ್ಕ್‌ನಲ್ಲಿವೆ. ಊರಲ್ಲಿ ಅಮ್ಮನ ಹತ್ತಿರ ಡಿವಿಡಿ ಪ್ಲೇಯರ್ ಮಾತ್ರ ಇರುವುದರಿಂದ ಒಂದು ಡಿವಿಡಿ ಮಾಡಿದೆ. ಅಕ್ಷತೆ ಹಾಕುವಾಗ ಕೈ ಎರಡೆರಡು ಕಾಣುತ್ತದೆ, ಸೀರೆಯ ಅಂಚು ಮಿಣಮಿಣ ಅನ್ನುತ್ತದೆ. ಮೂಲ ಫೈಲ್ ಚೆನ್ನಾಗೇ ಇದೆ. ಎಲ್ಲಿ ತಪ್ಪಿದೆ?
— ಓದುಗರು, ಹಾಸನ

ಉತ್ತರ: ಚಿತ್ರವನ್ನು ಚಿಕ್ಕದು ಮಾಡುವಾಗ ಎಡವಟ್ಟಾಗಿದೆ. ಕ್ಯಾಮೆರಾದವರನ್ನು ಬೈಯಬೇಡಿ.

ಆ ಕಾಲದ ಎಚ್‌ಡಿ ಕ್ಯಾಮೆರಾಗಳು ಹೆಚ್ಚಾಗಿ 1080ಐ ರೀತಿಯಲ್ಲಿ ರೆಕಾರ್ಡ್ ಮಾಡುತ್ತಿದ್ದವು. 1080 ಅಂದರೆ ಚಿತ್ರದಲ್ಲಿರುವ ಅಡ್ಡ ಗೆರೆಗಳ ಸಂಖ್ಯೆ, ‘ಐ’ ಅಂದರೆ ಇಂಟರ್‌ಲೇಸ್. ಸೆಕೆಂಡಿಗೆ 25 ಫ್ರೇಮ್ ಅಂತ ಫೈಲ್ ತೋರಿಸುತ್ತದೆ, ಆದರೆ ಒಂದೊಂದು ಫ್ರೇಮಿನಲ್ಲೂ ಎರಡು ಬೇರೆ ಬೇರೆ ಕ್ಷಣಗಳಿರುತ್ತವೆ. 1, 3, 5ನೇ ಗೆರೆಗಳು ಒಂದು ಕ್ಷಣದವು. 2, 4, 6ನೇ ಗೆರೆಗಳು ಸೆಕೆಂಡಿನ ಐವತ್ತನೇ ಒಂದು ಭಾಗ ತಡವಾಗಿ ಹಿಡಿದವು. ಎರಡು ಬಾಚಣಿಗೆಗಳ ಹಲ್ಲನ್ನು ಒಂದರೊಳಗೊಂದು ತೂರಿಸಿದ ಹಾಗೆ. ತಲಾ 540 ಗೆರೆಯ ಈ ಅರ್ಧ ಚಿತ್ರಕ್ಕೆ ಫೀಲ್ಡ್ ಅನ್ನುತ್ತಾರೆ.

ನಮ್ಮ ಡಿವಿಡಿಯ ಅಳತೆ 720×576. 1080 ಗೆರೆಗಳನ್ನು ಸುಮ್ನೆ 576ಕ್ಕೆ ಇಳಿಸಿದರೆ ಸಾಫ್ಟ್‌ವೇರ್ ಅಕ್ಕಪಕ್ಕದ ಗೆರೆಗಳನ್ನು ಕಲಸಿಬಿಡುತ್ತದೆ. ಆಗ ಎರಡು ಕ್ಷಣಗಳೂ ಕಲಸಿಹೋಗುತ್ತವೆ. ಮಂಟಪದ ಕಂಬ ಅಲುಗಾಡುವುದಿಲ್ಲ, ಅದಕ್ಕೇನೂ ಆಗದು. ಅಕ್ಷತೆ ಎರಚುವ ಕೈ ಅಷ್ಟರಲ್ಲಿ ಮುಂದೆ ಹೋಗಿರುತ್ತದಲ್ವಾ? ಅದು ಎರಡಾಗುತ್ತದೆ. ಹೀಗೆ ಒಮ್ಮೆ ಕಲಸಿದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಆ ಡಿವಿಡಿ ಬಿಟ್ಟು ಮೂಲ ಫೈಲ್‌ನಿಂದಲೇ ಶುರು ಮಾಡಿ.

ಮೊದಲು ಪ್ರತಿ ಫೀಲ್ಡನ್ನೂ ಪೂರ್ತಿ ಚಿತ್ರವಾಗಿ ಬೆಳೆಸಿ, ಸೆಕೆಂಡಿಗೆ 50 ಫ್ರೇಮ್ ಮಾಡಿಕೊಳ್ಳಿ. ಇದಕ್ಕೆ ಬಾಬ್ ಡಿಇಂಟರ್‌ಲೇಸ್ ಅನ್ನುತ್ತಾರೆ. ಎವಿಸಿಂತ್ ಎಂಬ ವಿಡಿಯೋ ಸಾಫ್ಟ್‌ವೇರಿನಲ್ಲಿ ಬಳಸುವ ಕ್ಯೂಟಿಜಿಎಂಸಿ ಎಂಬ ಸ್ಕ್ರಿಪ್ಟ್ ಈ ಕೆಲಸಕ್ಕೆ ನನ್ನ ಮೊದಲ ಆಯ್ಕೆ. ನಿಧಾನ, ರಾತ್ರಿಯಿಡೀ ಓಡಬೇಕಾಗಬಹುದು. ಅವಸರವಿದ್ದರೆ ಯಾಡಿಫ್ ಎಂಬ ವೇಗದ ಫಿಲ್ಟರ್ ಸಾಕು. ಆಮೇಲೆ ಆ 50 ಚಿತ್ರಗಳನ್ನು 720×576ಕ್ಕೆ ಇಳಿಸಿ. ಕೊನೆಗೆ ಒಂದು ಚಿತ್ರದಿಂದ ಬೆಸ ಗೆರೆ, ಮುಂದಿನದರಿಂದ ಸಮ ಗೆರೆ ತೆಗೆದು ಮತ್ತೆ ಹೆಣೆಯಿರಿ. 25 ಫ್ರೇಮಿನ ಇಂಟರ್‌ಲೇಸ್ ವಿಡಿಯೋ ಸಿದ್ಧ.

ಇಷ್ಟೆಲ್ಲ ಯಾಕೆ, ನೇರವಾಗಿ 25 ಫ್ರೇಮಿನ ಪ್ರೋಗ್ರೆಸಿವ್ (ಫೀಲ್ಡುಗಳಿಲ್ಲದ, ಪೂರ್ತಿ ಚಿತ್ರಗಳ ವಿಡಿಯೋ) ಮಾಡಿದರಾಯಿತಲ್ಲ ಅಂತ ಕೆಲವರು ಹೇಳುತ್ತಾರೆ. ಆಗುತ್ತದೆ, ಆದರೆ ಅರ್ಧ ಚಲನೆ ಹೋಗುತ್ತದೆ. ವಾಲಗದವರ ಬೆರಳು, ಮಕ್ಕಳ ಓಟ ಎಲ್ಲ ಜರ್ಕ್ ಹೊಡೆಯುತ್ತವೆ. ನಾನಂತೂ ಹಾಗೆ ಮಾಡುವುದಿಲ್ಲ.

ಅಂಚಿನ ಮಿಣಮಿಣಕ್ಕೆ ಕಾರಣ ಬೇರೆ. ಜರಿಯ ಒಂದು ಸಣ್ಣ ಎಳೆ ಇಳಿಸಿದ ಮೇಲೆ ಒಂದೇ ಗೆರೆಯಷ್ಟು ದಪ್ಪವಾದರೆ, ಅದು ಒಂದೇ ಫೀಲ್ಡಿನಲ್ಲಿ ಉಳಿಯುತ್ತದೆ. ಟಿವಿಯಲ್ಲಿ ಅದು ಬಂದು ಹೋಗಿ ಮಾಡುತ್ತದೆ. ಹೆಣೆಯುವ ಮೊದಲು ಮೇಲೆ-ಕೆಳಗಿನ ದಿಕ್ಕಿನಲ್ಲಿ ಒಂಚೂರು ಮಸುಕು ಮಾಡಿ. ಶಾರ್ಪನ್ ಮಾತ್ರ ಮುಟ್ಟಬೇಡಿ, ಜಾಸ್ತಿ ಮಿಣುಕುತ್ತದೆ.

ಫೀಲ್ಡುಗಳ ಕ್ರಮವನ್ನೂ ನೋಡಿಕೊಳ್ಳಿ. ಎಂಟಿಎಸ್ ಫೈಲ್‌ನಲ್ಲಿ ಸಾಮಾನ್ಯವಾಗಿ ಮೇಲಿನ ಫೀಲ್ಡ್ ಮೊದಲು ಬರುತ್ತದೆ. ವಿಡಿಯೋವನ್ನು ಡಿವಿಡಿ ರೂಪಕ್ಕೆ ತರುವ ಸಾಫ್ಟ್‌ವೇರಿನಲ್ಲೂ (ಎನ್‌ಕೋಡರ್) ಹಾಗೇ ಇಡಿ. ಅದಲುಬದಲಾದರೆ ನಡೆಯುವವರು ಒಂದು ಹೆಜ್ಜೆ ಹಿಂದೆ, ಎರಡು ಮುಂದೆ ಅನ್ನುವಂತೆ ನಡುಗುತ್ತಾರೆ. ಅಗಲ ಪರದೆಯ 16:9 ಗುರುತು ಹಾಕದಿದ್ದರೆ ಎಲ್ಲರೂ ತೆಳ್ಳಗೆ ಉದ್ದ ಕಾಣುತ್ತಾರೆ (ಕೆಲವರಿಗೆ ಖುಷಿಯಾಗಬಹುದು). ಬಣ್ಣದ ಲೆಕ್ಕದ ಮಾನದಂಡ ಎಚ್‌ಡಿಗೆ ಬಿಟಿ.709, ಡಿವಿಡಿಗೆ ಬಿಟಿ.601. ಅದನ್ನು ಬದಲಿಸದಿದ್ದರೆ ಕೆಂಪು, ಹಸಿರು ಸ್ವಲ್ಪ ಬೇರೆಯಾಗುತ್ತವೆ.

4.7 ಜಿಬಿ ಡಿಸ್ಕಿಗೆ 90 ನಿಮಿಷ ತುಂಬಿಸಿದರೆ ಚಿತ್ರ, ಧ್ವನಿ ಎಲ್ಲ ಸೇರಿ ಸೆಕೆಂಡಿಗೆ ಸುಮಾರು 6.9 ಮೆಗಾಬಿಟ್ ಸಿಗುತ್ತದೆ. ಅದು ಚೆನ್ನಾಗಿರುತ್ತದೆ. ಎರಡು ಗಂಟೆಗೆ ಹಿಗ್ಗಿಸಿದರೆ ಸುಮಾರು 5.2 ಮಾತ್ರ. ಮೂರು ಗಂಟೆಯ ಮದುವೆಯನ್ನು ಒಂದೇ ಡಿಸ್ಕಿಗೆ ತುರುಕುವ ಬದಲು ಎರಡು ಡಿಸ್ಕ್ ಮಾಡಿ. ಡಿಸ್ಕ್ ತಯಾರಿಸುವ ಡಿವಿಡಿಸ್ಟೈಲರ್ ಸಾಫ್ಟ್‌ವೇರಿನಲ್ಲಿ ಸೇರಿಸುವಾಗ ವಿಡಿಯೋಗೆ ‘ಕಾಪಿ’ ಆರಿಸಿ, ಇಲ್ಲದಿದ್ದರೆ ಅದು ತಾನೇ ಮತ್ತೊಮ್ಮೆ ಎನ್‌ಕೋಡ್ ಮಾಡಬಹುದು.

ಫಲಿತಾಂಶವನ್ನು ಟಿವಿಯಲ್ಲೇ ನೋಡಿ. ಕಂಪ್ಯೂಟರಿನಲ್ಲಿ ಡಿಇಂಟರ್‌ಲೇಸ್ ಆಫ್ ಇದ್ದರೆ ಒಳ್ಳೆಯ ಡಿಸ್ಕಿನಲ್ಲೂ ಗೆರೆಗೆರೆ ಕಾಣುತ್ತದೆ.

ಪ್ರಶ್ನೆ: ಅಮೆರಿಕದಿಂದ ತಂದ ಕ್ಯಾಮೆರಾದ ವಿಡಿಯೋಗೂ ಇದೇ ಕ್ರಮವೇ?
— ಓದುಗರು, ಮೈಸೂರು

ಉತ್ತರ: ಕ್ರಮ ಅದೇ, ಅಳತೆ ಬೇರೆ. ಅದರಲ್ಲಿ ಸೆಕೆಂಡಿಗೆ 59.94 ಫೀಲ್ಡ್ ಇರುತ್ತವೆ. 50ಕ್ಕೆ ಇಳಿಸಲು ಹೋದರೆ ಚಲನೆ ಕೆಡುತ್ತದೆ. 720×480 ಅಳತೆಯ, ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಡಿಸ್ಕನ್ನೇ ಮಾಡಿ. ನಮ್ಮ ಕಡೆಯ ಹೆಚ್ಚಿನ ಪ್ಲೇಯರ್‌ಗಳು ಅದನ್ನು ಓಡಿಸುತ್ತವೆ. ಆದರೆ ಇಲ್ಲಿನ ಪಾಲ್ ಪದ್ಧತಿಯ (720×576) ಡಿಸ್ಕನ್ನು ಅಲ್ಲಿಗೆ ಕಳಿಸಿದರೆ ಅಲ್ಲಿನ ಎಷ್ಟೋ ಪ್ಲೇಯರ್‌ಗಳು ಒಪ್ಪುವುದಿಲ್ಲ.